ಕೋತ್‌ನಲ್ಲಿ ಹಿತ್ತಾಳೆ ಟೋಕನ್: ನನ್ನ ಅನುಭವ

"ಟೋಕನ್ ಎಲ್ಲಾ ಬ್ಯಾಂಕಿನಲ್ಲಿ ಕಣಯ್ಯಾ, ಕೋತ್‌ನಲ್ಲಿ ಅಲ್ಲ" ಎಂದು ನಕ್ಕವರೇ ಈಗ ಫೋನ್ ಮಾಡಿ ಬಂದೂಕು ಕೊಡೋಕೆ, ವಾಪಸ್ ತಗೊಳ್ಳೋಕೆ ಟೋಕನ್ ಹೇಗೆ ಮಾಡಿದ್ರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ಕೋತ್ ಅಂದ್ರೆ ಪೊಲೀಸರ ಬಂದೂಕು ಇಡುವ ಕೋಣೆ; ಅಲ್ಲಿ ಡ್ಯೂಟಿ ಮಾಡಿದವರಿಗೆ ಬಿಡಿಸಿ ಹೇಳೋದು ಬೇಕಿಲ್ಲ.

ಚಿಕ್ಕಮಗಳೂರಿನಲ್ಲಿ ದತ್ತ ಜಯಂತಿ ಬಂದೋಬಸ್ತ್ ಅಂದ್ರೆ ಡಿಸೆಂಬರ್ ಚಳಿ, ಹೊರ ಜಿಲ್ಲೆಗಳಿಂದ ಬಂದ ಸಿಬ್ಬಂದಿ, ಕಲ್ಯಾಣ ಮಂಟಪದಲ್ಲಿ ವಾಸ. ಎಲ್ಲರ ತಲೆಬಿಸಿ ಮೆರವಣಿಗೆ. ನನ್ನ ತಲೆಬಿಸಿ ಶುರುವಾಗೋದು ರಾತ್ರಿ 11ರ ಮೇಲೆ. ದಿನವಿಡೀ ನಿಂತು ಸುಸ್ತಾದವನು ಇನ್ಸಾಸ್ ರೈಫಲ್ ಅನ್ನು ಚಾಪೆ ಪಕ್ಕ ಇಟ್ಟು ಮಲಗಿಬಿಡುತ್ತಾನೆ. 2005ರಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ನುಗ್ಗಿದ್ದು ಶಾಲೆಯಲ್ಲಿ ತಂಗಿದ್ದ ರಾಜ್ಯ ಮೀಸಲು ಪೊಲೀಸರ, ಅಂದ್ರೆ ಕೆಎಸ್‌ಆರ್‌ಪಿಯವರ ಮೇಲೆ, ಅದೂ ರಾತ್ರಿ. 2023ರಲ್ಲಿ ಮಣಿಪುರದಲ್ಲಿ ಪೊಲೀಸ್ ಶಸ್ತ್ರಾಗಾರಗಳಿಂದಲೇ ಸಾವಿರಗಟ್ಟಲೆ ಬಂದೂಕು ಹೋದವು. ಇದನ್ನೆಲ್ಲ ಹೇಳಿದರೆ "ಇಲ್ಲಿ ಏನಾಗುತ್ತೆ ಬಿಡ್ರಿ" ಅಂತಿದ್ದರು.

ಮೊದಲು ಬಂದೂಕಿನ ಬೋಲ್ಟ್ (ಇದಿಲ್ಲದೆ ಗುಂಡು ಹಾರಲ್ಲ) ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿಡುವ ಕ್ರಮ ಇತ್ತು. ಆಗ ಹಳೇ ತ್ರೀ ನಾಟ್ ತ್ರೀ ರೈಫಲ್‌ಗಳೇ ಜಾಸ್ತಿ. ಅದರ ಬೋಲ್ಟ್ ಆಯಾ ರೈಫಲ್ಲಿಗೇ ಕೂರಬೇಕು, ನಂಬರ್ ಇರುತ್ತದೆ. ಬೆಳಿಗ್ಗೆ 5 ಗಂಟೆಗೆ ಕರೆಂಟ್ ಇಲ್ಲದೆ, ಟಾರ್ಚ್ ಹಿಡಿದು, ಎಣ್ಣೆ ಮೆತ್ತಿದ ಬೋಲ್ಟ್‌ಗಳ ನಂಬರ್ ಓದೋದು! ಕೈಬಿಟ್ಟೆವು. ಆಮೇಲೆ ರಿಜಿಸ್ಟರ್, ಸಹಿ. ನೂರು ಜನಕ್ಕೆ ಹತ್ತಿರ ಹತ್ತಿರ 1 ಗಂಟೆ. ಗಲಾಟೆ ಆದಲ್ಲಿಗೆ ಓಡಬೇಕಾದ ಸ್ಟ್ರೈಕಿಂಗ್ ಫೋರ್ಸ್ ಹೊರಡೋ ಹೊತ್ತಿಗೆ ಗಲಾಟೆಯೇ ಮುಗಿದಿರುತ್ತದೆ, ಅಲ್ವಾ?

ಆಗ ಹೊಳೆದದ್ದು ಟೋಕನ್. ಎಂ.ಜಿ. ರೋಡ್ ಕಡೆ ಪಾತ್ರೆ ಅಂಗಡಿಯಲ್ಲಿ ಮದುವೆ ಪಾತ್ರೆಗೆ ಹೆಸರು ಕೆತ್ತುವವನನ್ನು ಹಿಡಿದೆ. ಹಿತ್ತಾಳೆ ಬಿಲ್ಲೆ, ಮೇಲೆ ಬಟ್ ನಂಬರ್, ಅಂದ್ರೆ ಬಂದೂಕಿನ ಹಿಂಬದಿಯಲ್ಲಿ ಬರೆದಿರುವ ನಂಬರ್. ಒಂದಕ್ಕೆ 30ರಿಂದ 35 ರೂಪಾಯಿ ಬಿತ್ತು. ಒಟ್ಟು 4,000ದ ಆಸುಪಾಸು. ಬಿಲ್ ಕೊಟ್ಟೆ, ಪಾಸಾಗಲಿಲ್ಲ. ನನ್ನ ಜೇಬೇ ಗತಿ.

ಬಂದೂಕು ಗೂಟದಲ್ಲಿದ್ದರೆ ಬಿಲ್ಲೆ ಆಸಾಮಿಯ ಜೇಬಲ್ಲಿ. ಬಂದೂಕು ಹೊರಗಿದ್ದರೆ ಬಿಲ್ಲೆ ಗೂಟದಲ್ಲಿ. ರಾತ್ರಿ ಟಾರ್ಚ್ ಹಾಯಿಸಿದಾಗ ಎಲ್ಲಿ ಹಿತ್ತಾಳೆ ಹೊಳೆಯಿತೋ ಆ ಬಂದೂಕು ಬಂದಿಲ್ಲ. ರಿಜಿಸ್ಟರ್ ಹೋಗಿಲ್ಲ, ಆದರೆ ಬರೆಯೋದು ಸಾಲು ಕರಗಿದ ಮೇಲೆ. ಈಗ ನೂರರ ಹತ್ತಿರ ಆಯುಧ 15 ನಿಮಿಷದೊಳಗೆ ಕೈಗೆ ಸೇರುತ್ತದೆ. ಇದಕ್ಕಿಂತ ಬೇಗ ಯಾರಾದರೂ ಕೊಟ್ಟಿದ್ದರೆ ತೋರಿಸಲಿ! ಬಿಲ್ಲೆ ಕಳೆದುಕೊಂಡವನು ಅವನ ಅಧಿಕಾರಿಯಿಂದ ಚೀಟಿ ತರಬೇಕು. ಆ ಮುಜುಗರಕ್ಕೇ ಯಾರೂ ಕಳೆಯುವುದಿಲ್ಲ.

ಮಂಟಪಗಳಲ್ಲಿ ಒಂದು ಕೋಣೆ, ಒಂದೇ ಬಾಗಿಲು. ಟ್ರಿಗರ್ ಗಾರ್ಡ್ ಒಳಗಿಂದ ಸರಪಳಿ, ಎರಡು ಬೀಗ, ಕೀಲಿ ಇಬ್ಬರ ಹತ್ತಿರ. ಮದ್ದುಗುಂಡು ಬೇರೆ. ಅದು ಎಲ್ಲಿ, ಕೀಲಿ ಯಾವಾಗ ಕೈ ಬದಲಾಗುತ್ತದೆ ಅನ್ನೋದು ಇಲ್ಲಿ ಬೇಡ. ಬೇಕಾದವರು ಎದುರು ಸಿಕ್ಕಾಗ ಕೇಳಿ.

ಇನ್ನೊಂದು ಹಟ ಹಿಡಿದು ಮಾಡಿಸಿದ್ದು: ಜನರ ಎದುರು ನಿಲ್ಲುವ ಸಾಲಿನಲ್ಲಿ ರೈಫಲ್ ಬೇಡ. ಅಲ್ಲಿ ಲಾಠಿ, ಶೀಲ್ಡ್ ಮಾತ್ರ. ನೂಕಾಟದಲ್ಲಿ ಸ್ಲಿಂಗ್ (ಹೆಗಲ ಪಟ್ಟಿ) ಹಿಡಿದು ಎಳೆದರೆ ಮುಗಿಯಿತು. ಬಂದೂಕಿನ ಸೆಕ್ಷನ್ ಹಿಂದೆ, ಒಟ್ಟಿಗೆ, ಒಬ್ಬನ ಮಾತಿನ ಕೆಳಗೆ. ಪಿಸ್ತೂಲಿಗೆ ಮೈಗೆ ಕಟ್ಟುವ ಹಗ್ಗ, ಅಂದ್ರೆ ಲ್ಯಾನ್‌ಯಾರ್ಡ್ ಕಡ್ಡಾಯ. ಅಶ್ರುವಾಯು ಶೆಲ್‌ಗಳ ಮೇಲೆ ಅವಧಿ ಬರೆದಿರುತ್ತದೆ, ಯಾರೂ ನೋಡಲ್ಲ. ಅವಧಿ ಹತ್ತಿರ ಬಂದವಕ್ಕೆ ಹಳದಿ ಟೇಪ್ ಸುತ್ತಿ ಬೇರೆ ಇಡಿ. ಅವು ಅಭ್ಯಾಸಕ್ಕೆ ಆಗುತ್ತವೆ.

ತುಕ್ಕಿನದು ಬೇರೆಯೇ ಕಥೆ. ಮಳೆಗಾಲದಲ್ಲಿ ಇವತ್ತು ನಳಿಕೆ ಒರೆಸುವ ಹಗ್ಗ, ಅಂದ್ರೆ ಪುಲ್‌ಥ್ರೂ ಎಳೆದರೆ ಎರಡು ದಿನಕ್ಕೆ ಬ್ಯಾರಲ್ಲಿನಲ್ಲಿ ಮತ್ತೆ ಕೆಂಪು. ಸುಟ್ಟ ಸುಣ್ಣ ಡಬ್ಬಿಯಲ್ಲಿಟ್ಟು ನೋಡಿದೆ. ತೇವ ಎಳೆಯಿತು, ಆದರೆ ಪುಡಿ ಹಾರಿ ಬೋಲ್ಟ್‌ಗೆಲ್ಲ ಬಿಳಿ. ಇದ್ದಿಲು ಇಟ್ಟೆ, ಇಲಿ ಚೀಲ ಕಡಿದು ಹರಡಿತು. ಸಿಲಿಕಾ ಜೆಲ್ ಪರವಾಗಿಲ್ಲ, ಆದರೆ ವಾರಕ್ಕೊಮ್ಮೆ ಬಿಸಿ ಮಾಡಿ ಒಣಗಿಸೋದು ಯಾರು? ಕೊನೆಗೆ ಕೆಲಸ ಮಾಡಿದ್ದು ಒಬ್ಬ ತೋಟದ ಮಾಲೀಕರು ತಮ್ಮ ಕೋವಿ ಕಪಾಟಿಗೆ ಮಾಡಿದ್ದ ಉಪಾಯ: ಕೆಳಗೆ 60 ವ್ಯಾಟಿನ ಬಲ್ಬು, ಹಗಲೂ ರಾತ್ರಿ. ಎರಡು ಮಳೆಗಾಲ ತುಕ್ಕಿನ ಸುದ್ದಿಯೇ ಇಲ್ಲ. ಈಗಿನ ತೊಂದರೆ ಏನೆಂದರೆ ಹಳೇ ತಂತಿ ಬಲ್ಬು ಅಂಗಡಿಗಳಲ್ಲಿ ಸಿಗುತ್ತಿಲ್ಲ. ಎಲ್‌ಇಡಿ ಹಾಕಿ ನೋಡಿದೆ, ಅದು ಬಿಸಿಯೇ ಆಗಲ್ಲ. ಹಾಸನ, ಸಕಲೇಶಪುರ ಕಡೆ ಯಾರ ಹತ್ತಿರವಾದರೂ ಸ್ಟಾಕ್ ಇದ್ದರೆ ತಿಳಿಸಿ, ಒಂದು ಡಜನ್ ಬೇಕು.