ಬದುವಿನ ಪಾರ್ಥೇನಿಯಂಗೆ ದುಂಬಿ ಮತ್ತು ಚಗಚೆ

ಬೆಳೆಯ ಸಾಲುಗಳ ನಡುವಿನ ಕಳೆಯನ್ನು ಕುಂಟೆ ಹೊಡೆದು ಹತೋಟಿಗೆ ತರಬಹುದು. ನನಗೆ ತಲೆನೋವಾಗಿದ್ದು ಕುಂಟೆ ಹೋಗದ ಬದು, ಕಾಲುದಾರಿ ಮತ್ತು ಬೇಲಿಯ ಅಂಚುಗಳ ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವಿಡೀ ಹಬ್ಬಿದ ಈ ಕಾಂಗ್ರೆಸ್ ಗಿಡ, ಒಂದೊಂದೇ 10,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹಾಗಾಗಿ ಗಿಡವನ್ನು ನಿರ್ನಾಮ ಮಾಡುವ ಆಸೆಯನ್ನು ಬದಿಗಿಟ್ಟು, ಅದು ಬೀಜ ಕಟ್ಟದಂತೆ ನೋಡಿಕೊಳ್ಳುವುದಷ್ಟನ್ನೇ ಗುರಿಯಾಗಿಸಿಕೊಂಡೆ.

ಇದಕ್ಕೆ ನೆರವಾದದ್ದು ಪಾರ್ಥೇನಿಯಂ ಎಲೆ ತಿನ್ನುವ ಮೆಕ್ಸಿಕನ್ ದುಂಬಿ. 1984ರಲ್ಲಿ ಬೆಂಗಳೂರಿನಲ್ಲಿ ಮೊದಲು ಬಿಡುಗಡೆಯಾದ ಝೈಗೋಗ್ರಾಮ ಬೈಕಲರೇಟ ಎಂಬ ಈ ಕೀಟ ಈಗ ಮಳೆಗಾಲದಲ್ಲಿ ರಸ್ತೆಬದಿಯ ಗಿಡಗಳ ಮೇಲೂ ಸಿಗುತ್ತದೆ. ಮಾಸಲು ಬಿಳಿಯ ರೆಕ್ಕೆಗಳ ಮೇಲೆ ಕಂದು ಗೀರುಗಳಿರುವುದರಿಂದ ಗುರುತು ಹಿಡಿಯುವುದು ಸುಲಭ. ಬೆಳಗಿನ ಹೊತ್ತು ಗಿಡದಡಿ ಬಟ್ಟೆ ಹಾಸಿ ಟೊಂಗೆ ಅಲುಗಿಸಿದರೆ ದುಂಬಿಗಳು ಉದುರುತ್ತವೆ. ಅವನ್ನು ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ಒಂದೆರಡು ಚಿಗುರಿನ ಜೊತೆ ತಂದು, ಅಂದೇ ಸಂಜೆ ಎಳೆಯ ಗಿಡಗಳು ಒತ್ತಾಗಿರುವ ಒಂದೇ ಕಡೆ ಬಿಡುತ್ತೇನೆ. ಹೊಲದ ತುಂಬ ಚದುರಿಸಿದರೆ ಅವು ನೆಲೆಯೂರುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಬಿಟ್ಟ ಮೇಲೆ ಎಲೆಗಳನ್ನು ಮಗುಚಿ ನೋಡುತ್ತಿರಬೇಕು. ಅಡಿಭಾಗದಲ್ಲಿ ತಿಳಿ ಹಳದಿ ಮೊಟ್ಟೆಗಳು ಅಂಟಿಕೊಂಡಿದ್ದರೆ ಕೆಲಸ ಶುರುವಾಯಿತೆಂದೇ ಅರ್ಥ. ದೊಡ್ಡ ದುಂಬಿಗಳು ಎಲೆಯನ್ನು ಜರಡಿಯಂತೆ ಮಾಡಿದರೂ, ನನ್ನ ಲೆಕ್ಕದಲ್ಲಿ ನಿಜವಾದ ಪೆಟ್ಟು ಕೊಡುವುದು ಮರಿಹುಳುಗಳು. ಅವು ಸುಳಿಯನ್ನೂ ಎಲೆಯ ಬುಡದ ಕಂಕುಳ ಮೊಗ್ಗುಗಳನ್ನೂ ತಿನ್ನುವುದರಿಂದ ಗಿಡ ಕುಬ್ಜವಾಗಿ, ಹೂವಿಲ್ಲದೆ ನಿಂತುಬಿಡುತ್ತದೆ. ಬೆಳೆದ ಹುಳು ಕೋಶವಾಗಲು ಮಣ್ಣಿಗಿಳಿಯುತ್ತದೆ, ಮಳೆ ನಿಂತ ಮೇಲೆ ದುಂಬಿಯೂ ಮಣ್ಣಿನೊಳಗೇ ಸುಪ್ತಾವಸ್ಥೆಯಲ್ಲಿರುತ್ತದೆ. ಆದ್ದರಿಂದ ದುಂಬಿ ಬಿಟ್ಟ ಅಂಚನ್ನು ಬೇಸಿಗೆಯಲ್ಲಿ ನಾನು ಅಗೆಯುವುದಿಲ್ಲ, ಪಕ್ಕದ ಬೆಳೆಗೆ ಕೀಟನಾಶಕವನ್ನೂ ಹೊಡೆಯುವುದಿಲ್ಲ. ಈ ದುಂಬಿ ಸೂರ್ಯಕಾಂತಿಯನ್ನು ತಿನ್ನುತ್ತದೆಂಬ ಆತಂಕ 1990ರ ದಶಕದಲ್ಲಿ ಜೋರಾಗಿತ್ತು. ನಾನು ಸೂರ್ಯಕಾಂತಿ ಬೆಳೆದ ವರ್ಷಗಳಲ್ಲಿ ಅಂಥ ಹಾನಿ ಕಾಣಲಿಲ್ಲ.

ದುಂಬಿಯದು ಒಂದೇ ಕೊರತೆ. ಮೊದಲ ಮಳೆಗೆ ಪಾರ್ಥೇನಿಯಂ ದಟ್ಟವಾಗಿ ಹುಟ್ಟುವಾಗ ದುಂಬಿಗಳ ಸಂಖ್ಯೆ ಇನ್ನೂ ಏರಿರುವುದಿಲ್ಲ, ಅವು ಹೆಚ್ಚುವ ವೇಳೆಗೆ ಎಷ್ಟೋ ಗಿಡಗಳು ಹೂ ಬಿಟ್ಟಿರುತ್ತವೆ. ಈ ಅಂತರ ತುಂಬಲು ಚಗಚೆ ಎಂಬ ಗಿಡವನ್ನು ನೆಚ್ಚಿಕೊಂಡಿದ್ದೇನೆ. ಮಳೆಗಾಲ ಮುಗಿದು ಕಾಯಿ ಒಣಗಿದಾಗ ಬೀಜ ಕೂಡಿಟ್ಟು, ಏಪ್ರಿಲ್-ಮೇ ತಿಂಗಳಲ್ಲಿ ಮಳೆಗೆ ಮುನ್ನ ಖಾಲಿ ಅಂಚುಗಳಲ್ಲಿ ಒತ್ತಾಗಿ ಎರಚುತ್ತೇನೆ. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಮೊದಲು ಒರಟು ಮರಳಿನೊಡನೆ ಉಜ್ಜಿಕೊಳ್ಳುವುದು ಒಳ್ಳೆಯದು. ಚಗಚೆ ಒಮ್ಮೆ ಮುಚ್ಚಿಗೆ ಹಾಕಿತೆಂದರೆ ಕೆಳಗೆ ಬೆಳಕಿಲ್ಲದೆ ಪಾರ್ಥೇನಿಯಂ ಸಸಿಗಳು ಸೊರಗುತ್ತವೆ, ಚಗಚೆಯ ಬೀಜ ತಾನೇ ಉದುರಿ ಮುಂದಿನ ವರ್ಷದ ಬಿತ್ತನೆಯ ಕೆಲಸವನ್ನೂ ಕಡಿಮೆ ಮಾಡುತ್ತದೆ. ಆದರೆ ಅದೂ ಹೊಲದೊಳಗೆ ನುಗ್ಗುವ ಗಿಡವೇ. ಅಂಚು ದಾಟಿದ್ದನ್ನು ಕುಂಟೆಯಲ್ಲಿ ತೆಗೆಯುತ್ತಿರಬೇಕು.

ಇವೆರಡರಿಂದಲೂ ತಪ್ಪಿಸಿಕೊಂಡ ಪಾರ್ಥೇನಿಯಂ ಗಿಡಗಳನ್ನು ನೆಲ ಹಸಿಯಿದ್ದಾಗ, ಚರ್ಮಕ್ಕೆ ಅಲರ್ಜಿಯಾಗದಂತೆ ಕೈಗವಸು ತೊಟ್ಟು, ಬೇರುಸಹಿತ ಕೀಳುತ್ತೇನೆ. ಹೂ ಬಿಡದವು ಕಾಂಪೋಸ್ಟ್ ಗುಂಡಿಗೆ ಹೋಗುತ್ತವೆ. ಹೂ ಬಿಟ್ಟವನ್ನು ಹಾಕುವುದಿಲ್ಲ, ಗುಂಡಿ ಚೆನ್ನಾಗಿ ಬಿಸಿಯೇರದಿದ್ದರೆ ಬೀಜ ಬದುಕಿ ಉಳಿದು ಗೊಬ್ಬರದ ಜೊತೆ ಹೊಲಕ್ಕೇ ಮರಳುತ್ತದೆ.