ಅಮೆರಿಕದ ಪೌರತ್ವ ಪರೀಕ್ಷೆಗೆ ಓದುವುದು ಹೇಗೆ? ಪರ್ಸ್ ತೆಗೆದು ಶುರು ಮಾಡಿ

ನಮ್ಮತ್ತೆಗೆ ಈಗ ಅರವತ್ತೊಂದು. ಹಾಸನದಿಂದ ನ್ಯೂಜೆರ್ಸಿಗೆ ಬಂದು, ಗ್ರೀನ್ ಕಾರ್ಡ್ ಸಿಕ್ಕಿ ಆರು ವರ್ಷವಾಯಿತು. ಪೌರತ್ವಕ್ಕೆ ಅರ್ಜಿ ಹಾಕಿದ ಮೇಲೆ ಪ್ರಶ್ನೆಗಳ ಪಟ್ಟಿ ನೋಡಿ ಹೆದರಿದರು. ಎರಡು ದಿನ ಬಾಯಿಪಾಠ ಮಾಡಿದರು. ಮೂರನೇ ದಿನ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರ, ಅಂದರೆ ಸೆನೆಟರ್ ಅವಧಿ ಎರಡು ವರ್ಷ, ಕೆಳಮನೆಯ ಪ್ರತಿನಿಧಿಯದು ಆರು ಅಂತ ಉಲ್ಟಾ ಹೇಳಿ ಕಣ್ಣಲ್ಲಿ ನೀರು ತಂದುಕೊಂಡರು. ಆಮೇಲೆ ನಾವು ಹಿಡಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಮನೆಯ ಹಿರಿಯರನ್ನು ಈ ಪರೀಕ್ಷೆಗೆ ತಯಾರು ಮಾಡುತ್ತಿರುವವರಿಗೆ ಉಪಯೋಗವಾದೀತು.

ಮೊದಲು ಯಾವ ಪರೀಕ್ಷೆ ಅಂತ ನೋಡಿ

2025ರ ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. ಪಟ್ಟಿಯಲ್ಲಿ 128 ಪ್ರಶ್ನೆಗಳಿವೆ. ಅಧಿಕಾರಿ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. 12 ಸರಿಯಾದ ಕೂಡಲೇ ನಿಲ್ಲಿಸುತ್ತಾರೆ. 9 ತಪ್ಪಾದರೂ ನಿಲ್ಲಿಸುತ್ತಾರೆ. ಅದಕ್ಕೂ ಮೊದಲು ಅರ್ಜಿ ಹಾಕಿದ್ದರೆ ಹಳೆಯದು: ಪಟ್ಟಿಯ 100ರಲ್ಲಿ 10 ಕೇಳುತ್ತಾರೆ, 6 ಸರಿಯಾದರೆ ಸಾಕು. ಎಲ್ಲವೂ ಬಾಯಿಮಾತಿನಲ್ಲಿ. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಅನ್ನುವುದಿಲ್ಲ.

ವಯಸ್ಸಿನ ರಿಯಾಯಿತಿ ಮರೆಯಬೇಡಿ. ಅರ್ಜಿ ಹಾಕುವಾಗ ವಯಸ್ಸು 65 ತುಂಬಿ, ಗ್ರೀನ್ ಕಾರ್ಡ್ ಸಿಕ್ಕಿ 20 ವರ್ಷವಾಗಿದ್ದರೆ ಗುರುತು ಹಾಕಿದ 20 ಪ್ರಶ್ನೆ ಓದಿದರೆ ಸಾಕು. 50 ವಯಸ್ಸು ಮತ್ತು 20 ವರ್ಷ, ಅಥವಾ 55 ಮತ್ತು 15 ವರ್ಷ ಆಗಿದ್ದರೆ ದುಭಾಷಿ ಜೊತೆಗಿಟ್ಟುಕೊಂಡು ಕನ್ನಡದಲ್ಲೇ ಉತ್ತರ ಹೇಳಬಹುದು. ಇದು ಗೊತ್ತಿಲ್ಲದೆ ಸುಮ್ನೆ ಕಷ್ಟಪಡುವ ಹಿರಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪರ್ಸ್ ಸುರಿಯಿರಿ

ಅತ್ತೆಯ ಪರ್ಸನ್ನು ಊಟದ ಮೇಜಿನ ಮೇಲೆ ಸುರಿದೆವು. ಗ್ರೀನ್ ಕಾರ್ಡ್, ಮಡಿಸಿದ ಐದು ಡಾಲರ್ ನೋಟು, ಡ್ರೈವಿಂಗ್ ಲೈಸೆನ್ಸ್, ಲೈಬ್ರರಿ ಕಾರ್ಡ್, ಪುಟ್ಟ ಕುಂಕುಮದ ಭರಣಿ. ಭರಣಿ ಪಕ್ಕಕ್ಕಿಟ್ಟು ಉಳಿದದ್ದನ್ನು ಮೂರು ಗುಂಪು ಮಾಡಿದೆವು. ನೋಟು, ಗ್ರೀನ್ ಕಾರ್ಡ್ ಕೊಟ್ಟಿದ್ದು ಫೆಡರಲ್ ಸರ್ಕಾರ, ಅಂದರೆ ಇಲ್ಲಿನ ಕೇಂದ್ರ ಸರ್ಕಾರ. ಲೈಸೆನ್ಸ್ ಕೊಟ್ಟಿದ್ದು ರಾಜ್ಯ. ಲೈಬ್ರರಿ ಕಾರ್ಡ್ ನಮ್ಮೂರಿನದು. ‘ಫೆಡರಲ್ ಸರ್ಕಾರಕ್ಕೆ ಮಾತ್ರ ಇರುವ ಒಂದು ಅಧಿಕಾರ ಹೇಳಿ’ ಅಂದರೆ ಈಗ ಅತ್ತೆಗೆ ನೋಟು ನೆನಪಾಗುತ್ತದೆ. ‘ರಾಜ್ಯದ್ದು ಹೇಳಿ’ ಅಂದರೆ ಲೈಸೆನ್ಸ್. ಐದರ ನೋಟಿನ ಮೇಲಿರುವವರು ಲಿಂಕನ್, ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ ಅಧ್ಯಕ್ಷರು. ಅಲ್ಲಿಗೆ ಇನ್ನೊಂದು ಪ್ರಶ್ನೆ ಮುಗಿಯಿತು.

ಅಂಕಿಗಳಿಗೆ ಕಾರಣ ಹೇಳಿ

ರಾಜ್ಯ 50, ತಲಾ ಇಬ್ಬರು ಸೆನೆಟರ್, ಒಟ್ಟು 100. ಇಬ್ಬರೇ ಯಾಕೆ? 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವಾಗ ಸಣ್ಣ ರಾಜ್ಯಗಳು ದೊಡ್ಡವಕ್ಕೆ ಹೆದರಿದ್ದವು. ಅದಕ್ಕೇ ಒಂದು ಸದನದಲ್ಲಿ ಎಲ್ಲರೂ ಸಮಾನ, ಇನ್ನೊಂದರಲ್ಲಿ ಜನಸಂಖ್ಯೆಯ ಲೆಕ್ಕ. ಪ್ರತಿನಿಧಿ ಸಭೆಯ 435ರಲ್ಲಿ ಕ್ಯಾಲಿಫೋರ್ನಿಯಾಗೆ 52, ವಯೋಮಿಂಗ್‌ಗೆ ಒಂದೇ ಒಂದು. ಆದರೆ ಸೆನೆಟ್‌ನಲ್ಲಿ ಎರಡಕ್ಕೂ ಇಬ್ಬಿಬ್ಬರು.

ಅವಧಿ ಮರೆಯದಂತೆ ನಮ್ಮ ರಾಜ್ಯಸಭೆಗೆ ಗಂಟು ಹಾಕಿ. ಅಲ್ಲೂ ಆರು ವರ್ಷ, ಎರಡೆರಡು ವರ್ಷಕ್ಕೆ ಮೂರನೇ ಒಂದು ಭಾಗ ಬದಲು. ಸೆನೆಟ್ ಕೂಡ ಹಾಗೇ. ಇದನ್ನು ಹೇಳಿದ ಮೇಲೆ ಅತ್ತೆ ಮತ್ತೆ ಉಲ್ಟಾ ಹೇಳಿಲ್ಲ.

ನಮ್ಮವರು ಎಡವುವ ಜಾಗ

ಇಲ್ಲಿ ಜಾಸ್ತಿ ಸಮಯ ಕೊಡಿ. ಅಮೆರಿಕದಲ್ಲಿ ಎರಡೂ ಸದನ ಸೇರಿದ ಸಂಸತ್ತಿಗೇ ಕಾಂಗ್ರೆಸ್ ಅನ್ನುತ್ತಾರೆ, ಅದು ಪಕ್ಷದ ಹೆಸರಲ್ಲ. “ಕಾಂಗ್ರೆಸ್‌ನಲ್ಲಿ ಬಹುಮತ ಇಲ್ಲದಿದ್ರೆ ಅಧ್ಯಕ್ಷರ ಸರ್ಕಾರ ಬೀಳಲ್ವಾ?” ಅಂತ ಅತ್ತೆ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಭಾರತದಲ್ಲಿ ಪ್ರಧಾನಿ ಲೋಕಸಭೆಯ ಬಹುಮತದ ಮೇಲೆ ನಿಂತಿರುತ್ತಾರೆ. ಇಲ್ಲಿ ಅಧ್ಯಕ್ಷರಿಗೂ ಕಾಂಗ್ರೆಸ್‌ಗೂ ಬೇರೆ ಬೇರೆ ಚುನಾವಣೆ. ಕಾಂಗ್ರೆಸ್ ಪೂರ್ತಿ ಎದುರು ಪಕ್ಷದ ಕೈಗೆ ಹೋದರೂ ಅಧ್ಯಕ್ಷರ ನಾಲ್ಕು ವರ್ಷಕ್ಕೆ ಧಕ್ಕೆಯಿಲ್ಲ. ನಡುವೆ ಇಳಿಸಬೇಕೆಂದರೆ ಪ್ರತಿನಿಧಿ ಸಭೆ ಆರೋಪ ಹೊರಿಸಬೇಕು, ಸೆನೆಟ್ ಮೂರನೇ ಎರಡರಷ್ಟು ಮತದಿಂದ ತಪ್ಪಿತಸ್ಥರೆಂದು ತೀರ್ಮಾನಿಸಬೇಕು. ಮಂತ್ರಿಗಳೂ ಅಷ್ಟೇ, ಕಾಂಗ್ರೆಸ್ ಸದಸ್ಯರಾಗಿರುವ ಹಾಗಿಲ್ಲ.

ಹಾಗಾದರೆ ಒಬ್ಬರನ್ನೊಬ್ಬರು ತಡೆಯುವುದು ಹೇಗೆ? ಒಂದು ಮಸೂದೆಯ ಹಿಂದೆ ಹೋಗಿ. ಎರಡೂ ಸದನ ಒಪ್ಪಬೇಕು. ಅಧ್ಯಕ್ಷರು ಬೇಡ ಅಂದರೆ ಅದು ವೀಟೋ. ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ವೀಟೋ ದಾಟಿ ಕಾನೂನಾಗುತ್ತದೆ. ಆ ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಸುಪ್ರೀಂ ಕೋರ್ಟ್ ತಳ್ಳಿಹಾಕಬಹುದು. ಅಲ್ಲಿ ಒಂಬತ್ತು ನ್ಯಾಯಮೂರ್ತಿಗಳು. ಭಾರತದ ಹಾಗೆ 65ಕ್ಕೆ ನಿವೃತ್ತಿಯಿಲ್ಲ, ಜೀವನಪೂರ್ತಿ ಇರಬಹುದು. ಈ ಕಥೆಯನ್ನು ಕನ್ನಡದಲ್ಲಿ ಪೂರ್ತಿ ಅರ್ಥ ಮಾಡಿಸಿ, ಕೊನೆಗೆ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಅನ್ನುವ ಮಾತು ಕಲಿಸಿ. ಮೊದಲು ಅರ್ಥ, ಆಮೇಲೆ ಇಂಗ್ಲಿಷ್.

ಹೆಸರುಗಳು ಕೊನೆಗೆ

ಅಧ್ಯಕ್ಷ, ಉಪಾಧ್ಯಕ್ಷ, ಸ್ಪೀಕರ್, ನಿಮ್ಮ ರಾಜ್ಯದ ಗವರ್ನರ್, ಸೆನೆಟರ್‌ಗಳು, ನಿಮ್ಮ ಪ್ರತಿನಿಧಿ. ಇವರು ಬದಲಾಗುತ್ತಾರೆ, ಸಂದರ್ಶನದ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಪ್ರತಿನಿಧಿ ಯಾರೆಂದು ಪಿನ್ ಕೋಡ್‌ನಂಥ ಜಿಪ್ ಕೋಡ್ ಹಾಕಿದರೆ ಪ್ರತಿನಿಧಿ ಸಭೆಯ ಜಾಲತಾಣದಲ್ಲೇ ಸಿಗುತ್ತದೆ.

ಮನಸ್ಸಿನಲ್ಲಿ ಓದಿಕೊಂಡರೆ ಸಾಲದು, ಗಟ್ಟಿಯಾಗಿ ಹೇಳಿಸಿ. ಪ್ರಶ್ನೆ ಕೇಳಿಸದಿದ್ದರೆ ಮತ್ತೆ ಹೇಳಿ ಅಂತ ಅಧಿಕಾರಿಯನ್ನು ಕೇಳಬಹುದು, ಸಂಕೋಚ ಬೇಡ. ಒಂದು ವೇಳೆ ಆಗಲಿಲ್ಲ ಅಂದರೆ 60ರಿಂದ 90 ದಿನದೊಳಗೆ ಇನ್ನೊಮ್ಮೆ ಕರೆಯುತ್ತಾರೆ, ತಪ್ಪಿದ ಭಾಗಕ್ಕೆ ಮಾತ್ರ. ಇದನ್ನು ಹಿರಿಯರಿಗೆ ಮೊದಲ ದಿನವೇ ಹೇಳಿಬಿಡಿ. ಅತ್ತೆ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.