ಮೂರನೆಯ ಮಳೆಗಾಲಕ್ಕೆ ಉಳಿದ ಸಾಕೆಟ್

ನಮ್ಮ ಕೊಡಗಿನ ಜಡಿಮಳೆಯ ತಿಂಗಳು ಕಕ್ಕಡ ಕಳೆಯಿತು, ಆಗಸ್ಟ್ ಕೂಡ ಮುಗಿಯಿತು. ನನ್ನ ಬೈಕಿನ ಹ್ಯಾಂಡಲಿನಲ್ಲಿರುವ ಚಾರ್ಜಿಂಗ್ ಸಾಕೆಟ್ ಇನ್ನೂ ಕೆಲಸ ಮಾಡುತ್ತಿದೆ. ಹಿಂದಿನ ಎರಡು ಮಳೆಗಾಲದಲ್ಲಿ ಎರಡು ಸಾಕೆಟ್ ಹೋಗಿದ್ದವು. ಇದನ್ನು ಕಟ್ಟುವಾಗ ಸಿದ್ದಾಪುರದ ಮೆಕ್ಯಾನಿಕ್ ಇಕ್ಕ, "ರೈಟರೇ, ಇದು ಹೊಳೆಯೊಳಗೆ ಒಲೆ ಹೂಡುವ ಕೆಲಸ, ಬಿಟ್ಟುಬಿಡಿ" ಎಂದು ನಕ್ಕಿದ್ದರು. ಈಗ ನಗುವ ಸರದಿ ನನ್ನದು.

ನಾನು ಕಾಫಿ ತೋಟದ ರೈಟರ್, ಎಂದರೆ ಆಳುಗಳ ಕೆಲಸ, ಲೆಕ್ಕ ನೋಡುವವನು. ದಿನವಿಡೀ ಒಂದು ತುಂಡಿನಿಂದ ಇನ್ನೊಂದು ತುಂಡಿಗೆ ಬೈಕಿನಲ್ಲೇ ಓಡಾಟ. ಗಾಳಿಗೆ ಸಿಲ್ವರ್ ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಕರೆಂಟ್ ಇರುವುದಿಲ್ಲ. ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿ ಬರುವುದೂ ಮೊಬೈಲಿಗೇ. ಬೆಳಿಗ್ಗೆ ಏಳಕ್ಕೆ ಲೈನ್ ಮನೆಯ ಕೆಲಸಗಾರರನ್ನು ಕೆಲಸಕ್ಕೆ ಕಳುಹಿಸುವ ಮೊದಲು ಅದು ತಿಳಿದಿರಬೇಕು. ನನಗೆ ಸಾಕೆಟ್ ಬೇಕಾದದ್ದು ದಾರಿ ನೋಡುವುದಕ್ಕಲ್ಲ.

ಮೊದಲನೆಯದನ್ನು ಎಲ್ಲರೂ ಮಾಡುವ ಹಾಗೆಯೇ ಮಾಡಿದೆ: ಬ್ಯಾಟರಿಯಿಂದ ನೇರ ಎರಡು ತಂತಿ, ನಡುವೆ ಫ್ಯೂಸ್. ವೋಲ್ಟ್ ತೋರಿಸುವ ನೀಲಿ ಅಂಕಿಗಳ ಸಾಕೆಟ್, ಸುಮಾರು 400 ರೂಪಾಯಿ. ಜ್ವರ ಬಂದು ಹನ್ನೆರಡು ದಿನ ಮನೆಯಲ್ಲಿ ಮಲಗಿದ್ದೆ. ಎದ್ದು ಕೀಲಿ ತಿರುಗಿಸಿದರೆ ಹಾರ್ನ್ ಕೂಡ ಕೆಮ್ಮಲಿಲ್ಲ. ಆ ನೀಲಿ ಅಂಕಿಗಳು ಹಗಲೂ ರಾತ್ರಿ ಉರಿದಿದ್ದವು. ಆಮೇಲೆ ಮಲ್ಟಿಮೀಟರ್ ಇಟ್ಟು ಅಳೆದಾಗ 18 ಮಿಲಿಆಂಪ್ ತೋರಿಸಿದ ನೆನಪು. ನೋಡಲು ಏನೂ ಅಲ್ಲ, ಆದರೆ ಹನ್ನೆರಡು ದಿನಕ್ಕೆ ಐದು ಆಂಪಿಯರ್-ಗಂಟೆ ಆಯಿತು. ಮುದಿ ಬ್ಯಾಟರಿ ಮತ್ತೆ ಏಳಲೇ ಇಲ್ಲ. ಹೊಸದಕ್ಕೆ 1,900 ರೂಪಾಯಿ. ಮನೆಯಾಕೆ ಆ ಲೆಕ್ಕವನ್ನು ಇಂದಿಗೂ ಮರೆತಿಲ್ಲ.

ಎರಡನೆಯ ಸಲ ಜಾಣತನ ತೋರಿಸಲು ಹೋಗಿ ಹಾರ್ನ್ ತಂತಿಗೆ ಚುಚ್ಚಿ ಕೂರಿಸುವ ಕ್ಲಿಪ್ ಹಾಕಿದೆ, ಮೇಲೆ ಕಪ್ಪು ಟೇಪ್ ಸುತ್ತಿದೆ. ಕೀಲಿ ತೆಗೆದರೆ ಸಾಕೆಟ್ ಆಫ್. ಜೂನ್ ಕಳೆಯುವವರೆಗೆ ಚೆನ್ನಾಗಿತ್ತು. ನಮ್ಮ ತೋಟದ ಮಾಪಕದಲ್ಲಿ ಮೂರು ಇಂಚು ನಲವತ್ತು ಸೆಂಟ್ (ನೂರು ಸೆಂಟಿಗೆ ಒಂದು ಇಂಚು) ಮಳೆ ಬಿದ್ದ ದಿನ ಸಾಕೆಟ್ಟೂ ಹೋಯಿತು, ಹಾರ್ನೂ ಹೋಯಿತು. ಟೇಪ್ ಬಿಚ್ಚಿದರೆ ಅಂಟೆಲ್ಲ ಕರಗಿ ಬೆರಳಿಗೆ ಕಪ್ಪು ಜೇನಿನಂತೆ ಮೆತ್ತಿಕೊಂಡಿತು. ಒಳಗೆ ತಾಮ್ರದ ಎಳೆಗಳಲ್ಲಿ ಅರ್ಧ ತುಂಡಾಗಿದ್ದವು, ಉಳಿದವು ಹಸಿರು ಕಿಲುಬಿನ ಪುಡಿ. ತಂತಿಯ ತಗ್ಗಿನ ತುದಿಯಲ್ಲಿ ಒಂದು ಹನಿ ನೀರು ತೂಗಾಡುತ್ತಿತ್ತು.

ಆ ಹನಿಯನ್ನು ನೋಡಿದ ಮೇಲೆ ನನಗೆ ವಿಷಯ ಹೊಳೆಯಿತು. ಎಲ್ಲರೂ ಸಾಕೆಟ್ಟಿನ ಬಾಯಿಗೆ ಮಳೆ ಬೀಳುತ್ತದೆ ಎಂದು ಹೆದರುತ್ತಾರೆ. ಬಾಯಿಗೆ ರಬ್ಬರ್ ಮುಚ್ಚಳ ಇದೆ. ನೀರು ಬರುವುದು ತಂತಿಯನ್ನೇ ಹಿಡಿದು ಇಳಿದು, ಜಾಯಿಂಟ್ ಎಲ್ಲಿದೆಯೋ ಅಲ್ಲಿಗೆ.

ಈ ಸಲ ರಿಲೇ ಹಾಕಿದೆ, ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು. ಅದರ ಕಾಲುಗಳಿಗೆ ನಂಬರ್ ಇರುತ್ತದೆ. ಬ್ಯಾಟರಿಯ ನೆಗೆಟಿವ್ ಮೊದಲು ಕಳಚಬೇಕೆಂದು ನಿಮಗೆ ಹೇಳಬೇಕಾಗಿಲ್ಲ. ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ 5 ಆಂಪ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ನಂಬರಿನ ಕಾಲಿಗೆ. 87ರಿಂದ ಸಾಕೆಟ್ಟಿಗೆ. 85 ನೆಗೆಟಿವ್‌ಗೆ. 86ಕ್ಕೆ ಹಿಂದಿನ ಟೈಲ್ ಲ್ಯಾಂಪಿನ ತಂತಿಯಿಂದ ಕವಲು. ಕೀಲಿ ತಿರುಗಿಸಿದಾಗ ಅದು ರಿಲೇಯನ್ನು ಎಬ್ಬಿಸುತ್ತದೆ ಅಷ್ಟೇ. ರಿಲೇಯ ಸುರುಳಿ ಎಳೆಯುವುದು 150 ಮಿಲಿಆಂಪ್ ಆಸುಪಾಸು, ಟೈಲ್ ಲ್ಯಾಂಪಿಗೆ ಗೊತ್ತೂ ಆಗುವುದಿಲ್ಲ. ಸಾಕೆಟ್ಟಿನ ನೆಗೆಟಿವ್ ಅನ್ನು ಚಾಸಿಗೆ, ಎಂದರೆ ಬೈಕಿನ ಕಬ್ಬಿಣದ ಚೌಕಟ್ಟಿಗೆ ಕೊಡದೆ ನೇರ ಬ್ಯಾಟರಿಗೇ ತಂದೆ. ನಮ್ಮ ಕಡೆಯ ತುಕ್ಕಿನಲ್ಲಿ ಚಾಸಿಯನ್ನು ನಾನು ನಂಬುವುದಿಲ್ಲ.

ಜಾಯಿಂಟುಗಳೆಲ್ಲ ಬೆಸುಗೆ, ಮೇಲೆ ಒಳಗಡೆ ಅಂಟು ಸವರಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ತೋಳು. ಅಂಟಿಲ್ಲದ್ದು ಅಗ್ಗವಾಗಿ ಸಿಗುತ್ತದೆ, ತೆಗೆದುಕೊಳ್ಳಬೇಡಿ. ಒಂದು ಜಾಯಿಂಟ್ ಕೂಡ ತಗ್ಗಿನಲ್ಲಿ ಇಲ್ಲ. ಹ್ಯಾಂಡಲಿನಿಂದ ಬರುವ ತಂತಿಯನ್ನು ಟ್ಯಾಂಕಿನ ಕೆಳಗೆ ಜೋಲು ಬಿಟ್ಟು ಮತ್ತೆ ಮೇಲಕ್ಕೆ ಏರಿಸಿ ಸೀಟಿನಡಿಗೆ ತಂದಿದ್ದೇನೆ. ಇಳಿದ ನೀರು ಜೋಲಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ರಿಲೇಯನ್ನು ಕಾಲು ಕೆಳಗಾಗಿ ನಿಲ್ಲಿಸಿದ್ದೇನೆ. ಸಾಕೆಟ್ಟಿನ ಮುಚ್ಚಳದ ಒಳಗೆ ಏನು ಹಚ್ಚಿದ್ದೇನೆಂದು ಮಾತ್ರ ಕೇಳಬೇಡಿ. ಅಡುಗೆಮನೆಯಲ್ಲೇ ಸಿಗುತ್ತದೆ, ಅಷ್ಟು ಹೇಳುತ್ತೇನೆ.

ಖರ್ಚು ಹೆಚ್ಚುಕಡಿಮೆ ಹೀಗೆ: ಅಂಕಿ ಗಿಂಕಿ ಇಲ್ಲದ ಸಾಕೆಟ್ 350, ರಿಲೇ ಮತ್ತು ಅದರ ಹೋಲ್ಡರ್ ಸೇರಿ 180, ಫ್ಯೂಸ್ ಹೋಲ್ಡರ್ 40, ತಂತಿ ಮತ್ತು ತೋಳು ನೂರರ ಮೇಲೆ ಸ್ವಲ್ಪ. ಏಳುನೂರು ದಾಟಿಲ್ಲ. ಕುಶಾಲನಗರದಲ್ಲಿ ಒಬ್ಬರು ಕೂಲಿಯೇ 800 ಕೇಳಿದ್ದರು, ಅದೂ ನೇರ ಬ್ಯಾಟರಿಗೆ ಕಟ್ಟಿಕೊಡಲು!

ಜುಲೈಯಲ್ಲಿ ಬೇಕೆಂದೇ ನಾಪೋಕ್ಲು ಕಡೆಯಿಂದ ಭಾಗಮಂಡಲಕ್ಕೆ ಹೊರಟೆ. ಸಂಗಮದ ನೀರು ರಸ್ತೆಗೆ ಬಂದಿದ್ದರಿಂದ ಅರ್ಧದಲ್ಲೇ ತಿರುಗಬೇಕಾಯಿತು, ಆದರೆ ಹೋಗುತ್ತಾ ಬರುತ್ತಾ ಮೊಬೈಲ್ ಚಾರ್ಜ್ ಶೇಕಡಾ ಮೂವತ್ತರಿಂದ ತೊಂಬತ್ತಕ್ಕೆ ಏರಿತ್ತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್, ಮರುದಿನ ಬೆಳಿಗ್ಗೆ 12.6. ಕೀಲಿ ತೆಗೆದ ಮೇಲೆ ಸಾಕೆಟ್ ಎಳೆಯುವ ಕರೆಂಟ್ ಮಲ್ಟಿಮೀಟರಿನಲ್ಲಿ ಸೊನ್ನೆ. ಅದನ್ನು ಇಕ್ಕನ ಕಣ್ಣೆದುರೇ ಅಳೆದು ತೋರಿಸಿದೆ. ಅವರು ಮೀಟರಿನ ವಯರನ್ನು ಎರಡು ಸಲ ಕಿತ್ತು ಚುಚ್ಚಿ ನೋಡಿ, "ನಿಮ್ಮ ಮೀಟರ್ ಹಾಳಾಗಿದೆ" ಎಂದರು. ಹೋದ ವಾರ ತಮ್ಮ ಸ್ಕೂಟರ್ ತಂದು ನಮ್ಮ ಶೆಡ್ಡಿನ ಮುಂದೆ ನಿಲ್ಲಿಸಿ ಹೋಗಿದ್ದಾರೆ.

ಈ ನಡುವೆ ಇನ್ನೊಂದು ಹುಚ್ಚು. ಕರೆಂಟ್ ಇಲ್ಲದ ದಿನ ಬೆನ್ನಿಗೆ ಹೊರುವ ಔಷಧಿ ಪಂಪಿನ 12 ವೋಲ್ಟ್ ಬ್ಯಾಟರಿಯನ್ನು ಇದೇ ಸಾಕೆಟ್ಟಿನಿಂದ ಚಾರ್ಜ್ ಮಾಡೋಣವೆಂದು ತಂತಿ ಕೊಟ್ಟೆ. ಖಾಲಿ ಬ್ಯಾಟರಿ ಒಮ್ಮೆಗೇ ಎಳೆದು ಫ್ಯೂಸ್ ಹಾರಿತು. ನಡುವೆ ಹಳೆಯ ಹೆಡ್‌ಲೈಟ್ ಬಲ್ಬ್ ಸೇರಿಸಿದಾಗ ಫ್ಯೂಸ್ ನಿಂತಿತು, ಬಲ್ಬ್ ಕೆಂಪಗೆ ಉರಿಯಿತು. ಆದರೆ ನಿಂತಲ್ಲೇ ಒಂದು ಗಂಟೆ ಎಂಜಿನ್ ಓಡಿಸಿ ಪೆಟ್ರೋಲ್ ಸುಟ್ಟದ್ದಕ್ಕೆ ಸಿಕ್ಕಿದ್ದು ನಾಲ್ಕು ಸಾಲು ಮೆಣಸಿನ ಬಳ್ಳಿಗೆ ಹೊಡೆಯುವಷ್ಟು ಮಾತ್ರ. ಅದನ್ನು ಕೈಬಿಟ್ಟೆ. ಟೈರಿಗೆ ಗಾಳಿ ಹಾಕುವ ಪಂಪಿಗೆ ಈ 5 ಆಂಪ್ ಸಾಲದು. ಅದಕ್ಕೆ ಬೇರೆಯೇ ದಪ್ಪ ತಂತಿ, 15 ಆಂಪ್ ಫ್ಯೂಸ್ ತಂದಿಟ್ಟಿದ್ದೇನೆ. ಕಾಫಿ ಕೊಯ್ಲು ಶುರುವಾಗುವ ಮೊದಲು ಎಳೆಯಬೇಕು.